ಪುಟದ ಭಾಷೆ ಪರದೆಗೆ ಸಾಕೇ?

1984ರಲ್ಲಿ ಅಡೋಬಿ ಹೊರತಂದ ಪೋಸ್ಟ್‌ಸ್ಕ್ರಿಪ್ಟ್ ಭಾಷೆ ಪುಟವನ್ನು ಚುಕ್ಕೆಗಳ ರಾಶಿಯಾಗಿ ನೋಡುವುದಿಲ್ಲ. ‘100 200 ಮೂವ್‌ಟು, 300 200 ಲೈನ್‌ಟು, ಸ್ಟ್ರೋಕ್’ ಎಂದರೆ ಸಾಕು: ಲೇಖನಿಯನ್ನು ಇಲ್ಲಿಡು, ಅಲ್ಲಿಯವರೆಗೆ ಎಳೆ, ಈಗ ಶಾಯಿ ಹಚ್ಚು. ಅಳತೆಯೆಲ್ಲ ಇಂಚಿನ 72ನೇ ಒಂದು ಭಾಗದ ಲೆಕ್ಕದಲ್ಲಿ. ಗೆರೆಗೆ ಎಷ್ಟು ಚುಕ್ಕೆ ಬೇಕೆಂಬುದನ್ನು ಯಂತ್ರವೇ ನೋಡಿಕೊಳ್ಳುತ್ತದೆ. ಹಾಗಿದ್ದರೆ ಕಂಪ್ಯೂಟರ್ ಪರದೆಯೂ ದಪ್ಪ ಚುಕ್ಕೆಯ ಕಾಗದವೇ ತಾನೆ, ಅದಕ್ಕೆ ಬೇರೆ ಭಾಷೆ ಏಕೆ ಎಂದು ತಂತ್ರಜ್ಞರು ಯೋಚಿಸಿದ್ದು ಸಹಜ. 1988ರಲ್ಲಿ ಬಂದ ನೆಕ್ಸ್ಟ್ ಕಂಪ್ಯೂಟರ್, ಡಿಸ್‌ಪ್ಲೇ ಪೋಸ್ಟ್‌ಸ್ಕ್ರಿಪ್ಟ್ ಬಳಸಿ ಇದನ್ನು ಸಾಧಿಸಿಯೂ ತೋರಿಸಿತು. ಅಡ್ಡಕ್ಕೆ 1120, ಉದ್ದಕ್ಕೆ 832 ಚುಕ್ಕೆಗಳ ಅದರ ಪರದೆಯಲ್ಲಿ ಕಂಡ ಪುಟವೇ, ಇಂಚಿಗೆ 400 ಚುಕ್ಕೆಯ ಪ್ರಿಂಟರ್‌ನಿಂದ ನಯವಾಗಿ ಹೊರಬರುತ್ತಿತ್ತು. ಆ ಪ್ರಿಂಟರ್‌ಗೆ ಪೋಸ್ಟ್‌ಸ್ಕ್ರಿಪ್ಟ್ ತಿಳಿಯುತ್ತಲೇ ಇರಲಿಲ್ಲ. ಕಂಪ್ಯೂಟರೇ ಚುಕ್ಕೆಗಳನ್ನು ಲೆಕ್ಕಹಾಕಿ ಕಳಿಸುತ್ತಿತ್ತು. ಸೊಗಸಾದ ವ್ಯವಸ್ಥೆ ಅದು.

ಆದರೆ ಕಾಗದವನ್ನು ಯಾರೂ ಕ್ಲಿಕ್ ಮಾಡುವುದಿಲ್ಲ. ಪೋಸ್ಟ್‌ಸ್ಕ್ರಿಪ್ಟ್‌ನಲ್ಲಿ ಶಾಯಿ ಬಿದ್ದ ಕೂಡಲೇ ಆಕಾರ ಮರೆತುಹೋಗುತ್ತದೆ, ‘ಶೋಪೇಜ್’ ಎಂದರೆ ಪುಟವೇ ಮುಗಿಯುತ್ತದೆ. ಪರದೆಯ ಕೆಲಸ ಶುರುವಾಗುವುದೇ ಅಲ್ಲಿಂದ: ಮೌಸ್ ಒತ್ತಿದ್ದು ಯಾವ ಆಕಾರದ ಮೇಲೆ, ಅದನ್ನು ಸರಿಸಿದರೆ ಅಡಿಯಲ್ಲಿದ್ದುದನ್ನು ಯಾರು ಮತ್ತೆ ಬಿಡಿಸಬೇಕು? ಇದಕ್ಕಾಗಿಯೇ ‘ಇನ್‌ಫಿಲ್’ ಎಂಬ ಹೊಸ ಆಜ್ಞೆ ಬಂತು. ಒಂದು ಬಿಂದುವನ್ನು ಕೊಟ್ಟರೆ, ಈಗ ಕೈಯಲ್ಲಿರುವ ಆಕಾರಕ್ಕೆ ಬಣ್ಣ ತುಂಬಿದರೆ ಅದು ಈ ಬಿಂದುವಿಗೂ ತಾಗುತ್ತದೆಯೇ ಎಂಬುದಕ್ಕೆ ಹೌದು ಅಥವಾ ಇಲ್ಲ ಎನ್ನುತ್ತದೆ. ಆದರೆ ಹಾಗೆ ಕೇಳಬೇಕಾದರೆ ಪ್ರೋಗ್ರಾಮ್ ಆ ಆಕಾರವನ್ನು ತಾನೇ ನೆನಪಿಟ್ಟುಕೊಂಡಿರಬೇಕು. ಪುಟದ ಭಾಷೆಗೆ ಚಿತ್ರ ಬಿಡಿಸುವುದು ಚೆನ್ನಾಗಿ ಗೊತ್ತು, ಬಿಡಿಸಿದ್ದನ್ನು ನೆನಪಿಡುವುದು ಗೊತ್ತಿಲ್ಲ. ನನ್ನ ವಾದದ ತಿರುಳು ಇಷ್ಟೇ.

ನಿಧಾನವೇ ಅದರ ನಿಜವಾದ ದೋಷ ಎನ್ನುವವರಿದ್ದಾರೆ. ಅಂದಿನ ಚಿಪ್‌ಗಳಿಗೆ ಅದು ಭಾರವಾಗಿದ್ದುದು ನಿಜ. 1985ರ ಆಪಲ್ ಲೇಸರ್‌ರೈಟರ್ ಪ್ರಿಂಟರ್‌ನೊಳಗಿನ ಪ್ರೊಸೆಸರ್ 12 ಮೆಗಾಹರ್ಟ್ಸ್‌ನದು, ಅದಕ್ಕೆ ಪುಟ ಕಳಿಸುತ್ತಿದ್ದ ಮ್ಯಾಕಿಂಟಾಷ್‌ನದು ಸುಮಾರು 8. ಆದರೆ ವೇಗದ ಕೊರತೆಯನ್ನು ಮುಂದಿನ ಚಿಪ್ ತುಂಬುತ್ತದೆ, ನೆನಪಿನ ಕೊರತೆಯನ್ನು ತುಂಬುವುದಿಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಸನ್ ಮೈಕ್ರೋಸಿಸ್ಟಮ್ಸ್‌ನ ‘ನ್ಯೂಸ್’ ವ್ಯವಸ್ಥೆಯದು. ಜೇಮ್ಸ್ ಗಾಸ್ಲಿಂಗ್ ಮತ್ತು ಡೇವಿಡ್ ರೋಸೆಂಥಾಲ್ 1980ರ ದಶಕದಲ್ಲಿ ರೂಪಿಸಿದ ಅದು, ಪೋಸ್ಟ್‌ಸ್ಕ್ರಿಪ್ಟ್‌ನಲ್ಲಿ ಬರೆದ ಪುಟ್ಟ ಪ್ರೋಗ್ರಾಮ್‌ಗಳನ್ನು ಪರದೆಯಿರುವ ಯಂತ್ರಕ್ಕೇ ಕಳಿಸುತ್ತಿತ್ತು. ಮೌಸ್ ಅಲುಗಿದಾಗಲೆಲ್ಲ ದೂರದ ಕಂಪ್ಯೂಟರನ್ನು ಕೇಳದೆ ಮೆನು ಅಲ್ಲೇ ತೆರೆಯುತ್ತಿತ್ತು. ಪುಟದ ಭಾಷೆಯೇ ಸಾಕು ಎಂಬುದಕ್ಕೆ ಇದು ಪುರಾವೆಯಲ್ಲವೇ? ಅಲ್ಲ. ಅದಕ್ಕಾಗಿ ಅವರು ಏಕಕಾಲದಲ್ಲಿ ಓಡುವ ಪ್ರಕ್ರಿಯೆಗಳು, ಮೌಸ್ ಮತ್ತು ಕೀಲಿಮಣೆಯ ಸುದ್ದಿ ತಲುಪಿಸುವ ವಿಧಾನ ಎಲ್ಲವನ್ನೂ ಹೊಸದಾಗಿ ಸೇರಿಸಬೇಕಾಯಿತು. ಗೆದ್ದದ್ದು ಪ್ರೋಗ್ರಾಮನ್ನು ಪರದೆಯ ಹತ್ತಿರ ಇಡುವ ಉಪಾಯ, ಪುಟದ ವಿವರಣೆಯಲ್ಲ.

ಮುಂದೆ ಇವೆರಡೂ ಬೇರೆ ಬೇರೆ ದಾರಿ ಹಿಡಿದದ್ದನ್ನು ನೋಡಿದರೆ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. 2001ರ ಮ್ಯಾಕ್ ಓಎಸ್ ಟೆನ್ ಪಿಡಿಎಫ್‌ನ ಚಿತ್ರಣ ವಿಧಾನವನ್ನು ಉಳಿಸಿಕೊಂಡು ಪೋಸ್ಟ್‌ಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕೈಬಿಟ್ಟಿತು. ಬ್ರೌಸರ್‌ನ ಕ್ಯಾನ್ವಾಸ್‌ನಲ್ಲಿ ಇಂದಿಗೂ ಮೂವ್‌ಟು, ಲೈನ್‌ಟು, ಫಿಲ್, ಸ್ಟ್ರೋಕ್ ಅದೇ ಹೆಸರಿನಲ್ಲಿವೆ. ನೆನಪಿಡುವ ಹೊಣೆ ಮಾತ್ರ ಜಾವಾಸ್ಕ್ರಿಪ್ಟ್‌ನದು, ಕ್ಲಿಕ್ ಆದ ಬಿಂದು ಆಕಾರದ ಒಳಗಿದೆಯೇ ಎಂದು ವಿಚಾರಿಸುವುದೂ ಅದೇ.