ಕ್ಷೇತ್ರ ಧ್ವನಿಮುದ್ರಣ ಮತ್ತು ಸಂಕೇತ ಸಂಸ್ಕಾರಕದ ವೋಲ್ಟೇಜು ಹೊಂದಾಣಿಕೆ: ಒಂದು ವಿವೇಚನೆ

ಮಲೆ ಮಹದೇಶ್ವರ, ಮಂಟೇಸ್ವಾಮಿ ಮುಂತಾದ ಮೌಖಿಕ ಮಹಾಕಾವ್ಯಗಳನ್ನು ದೇವರಗುಡ್ಡರೂ ನೀಲಗಾರರೂ ಇಡೀ ರಾತ್ರಿ ಹಾಡುತ್ತಾರೆ. ಇಂತಹ ಕಾವ್ಯಗಳ ದಾಖಲಾತಿಯಲ್ಲಿ ಪಠ್ಯದ ಪೂರ್ಣತೆಯು ಗಾಯಕನ ನೆನಪನ್ನು ಅವಲಂಬಿಸಿರುವಂತೆ ಧ್ವನಿಮುದ್ರಕದ ಬ್ಯಾಟರಿಯನ್ನೂ ಅವಲಂಬಿಸಿರುತ್ತದೆ. ನಡುರಾತ್ರಿಯಲ್ಲಿ ಬ್ಯಾಟರಿ ಮುಗಿದರೆ ಸಂಕಮ್ಮನ ಸಾಲು ಅರ್ಧಕ್ಕೇ ನಿಲ್ಲುತ್ತದೆ. ಮತ್ತೊಮ್ಮೆ ಹಾಡಿಸಿದಾಗ ದೊರೆಯುವುದು ಮತ್ತೊಂದು ಪಠ್ಯವೇ ಹೊರತು ಅದೇ ಪಠ್ಯವಲ್ಲ. ಕ್ಷೇತ್ರಕಾರ್ಯದ ಕೈಪಿಡಿಗಳು ಹೆಚ್ಚುವರಿ ಬ್ಯಾಟರಿಗಳನ್ನು ಒಯ್ಯಬೇಕೆಂದು ಹೇಳಿ ಈ ವಿಷಯವನ್ನು ಮುಗಿಸಿಬಿಡುವುದುಂಟು. ಸಾಧನದೊಳಗೆ ವಿದ್ಯುತ್ತು ಹೇಗೆ ವ್ಯಯವಾಗುತ್ತದೆ ಎಂಬುದೂ ವಿದ್ವಾಂಸರ ಗಮನಕ್ಕೆ ಬರಬೇಕಾದ ಸಂಗತಿಯೇ.

ಡಿಜಿಟಲ್ ಧ್ವನಿಮುದ್ರಣದಲ್ಲಿ ನಾದದ ಅಲೆಯನ್ನು ಸೆಕೆಂಡಿಗೆ 48,000 ಸಲ ಅಳೆದು ಸಂಖ್ಯೆಗಳನ್ನಾಗಿಸುವುದು ರೂಢಿ. ಆ ಸಂಖ್ಯೆಗಳನ್ನು ಸೋಸುವ, ಅಡಕಗೊಳಿಸುವ ಲೆಕ್ಕಾಚಾರವನ್ನು ಮಾಡಲೆಂದೇ ರೂಪಿತವಾದ ಚಿಪ್ ಡಿಜಿಟಲ್ ಸಂಕೇತ ಸಂಸ್ಕಾರಕ, ಅಂದರೆ ಡಿಎಸ್‌ಪಿ. ಇದರ ಹೊರ ಅಂಚಿನ ಸಂಪರ್ಕಗಳಿಗೆ ಒಂದು ವೋಲ್ಟೇಜೂ ಲೆಕ್ಕ ನಡೆಯುವ ತಿರುಳಿಗೆ ಅದಕ್ಕಿಂತ ಕಡಿಮೆಯಾದ ಮತ್ತೊಂದು ವೋಲ್ಟೇಜೂ ಬೇಕಾಗುತ್ತವೆ. ಎರಡನೆಯದೇ ಕೋರ್ ವೋಲ್ಟೇಜು.

ಆಡುಮಾತಿನಲ್ಲಿ ವೋಲ್ಟೇಜು, ಶಕ್ತಿ, ಸಾಮರ್ಥ್ಯ ಎಲ್ಲವೂ ‘ಕರೆಂಟು’ ಎಂಬ ಒಂದೇ ಪದದಲ್ಲಿ ಅಡಗಿಬಿಡುತ್ತವೆ. ಇಲ್ಲಿ ಅವುಗಳನ್ನು ಬೇರ್ಪಡಿಸಿಕೊಳ್ಳುವುದು ಅಗತ್ಯ. ಚಿಪ್‌ನೊಳಗಿನ ಪ್ರತಿಯೊಂದು ಸಂಪರ್ಕವೂ ಒಂದು ಪುಟ್ಟ ಕೆಪಾಸಿಟರಿನಂತೆ ವರ್ತಿಸುತ್ತದೆ. ಸೊನ್ನೆಯು ಒಂದಾಗಿ, ಒಂದು ಸೊನ್ನೆಯಾಗುವಾಗ ಅದು ತುಂಬಿ ಬರಿದಾಗುತ್ತದೆ. ಹೀಗೊಮ್ಮೆ ತುಂಬಿ ಬರಿದಾಗಲು ತಗಲುವ ಶಕ್ತಿಯು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. ಗಡಿಯಾರದ ವೇಗವನ್ನು ಮಾತ್ರ ಅರ್ಧಕ್ಕೆ ಇಳಿಸಿದರೆ ಸಾಮರ್ಥ್ಯದ ಬಳಕೆ ಅರ್ಧವಾಗುತ್ತದೆ. ಆದರೆ ಅದೇ ಕೆಲಸಕ್ಕೆ ಎರಡರಷ್ಟು ಕಾಲ ಹಿಡಿಯುವುದರಿಂದ ಕೆಲಸವೊಂದಕ್ಕೆ ತಗಲುವ ಶಕ್ತಿ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ನಿಜವಾದ ಉಳಿತಾಯ ವೋಲ್ಟೇಜನ್ನು ಇಳಿಸಿದಾಗಲೇ. ವೋಲ್ಟೇಜು ಇಳಿದಂತೆ ಟ್ರಾನ್ಸಿಸ್ಟರುಗಳು ನಿಧಾನಗೊಳ್ಳುವುದರಿಂದ ಮೊದಲು ವೇಗವನ್ನು ತಗ್ಗಿಸಬೇಕಾಗುತ್ತದೆ.

ಬೆಂಗಳೂರಿನಲ್ಲಿ 1985ರಲ್ಲಿಯೇ ಸಂಶೋಧನ ಕೇಂದ್ರವನ್ನು ತೆರೆದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಟಿಎಂಎಸ್320ವಿಸಿ5509ಎ ಇದಕ್ಕೆ ಉತ್ತಮ ನಿದರ್ಶನ. 2000ರ ದಶಕದ ಈ ಡಿಎಸ್‌ಪಿಗೆ 108 ಮೆಗಾಹರ್ಟ್ಸ್ ವೇಗದಲ್ಲಿ 1.2 ವೋಲ್ಟ್, 144ರಲ್ಲಿ 1.35, 200ರಲ್ಲಿ 1.6 ವೋಲ್ಟ್ ಎಂದು ನಿಗದಿಯಾಗಿತ್ತು. 1.6ರಿಂದ 1.2ಕ್ಕೆ ಇಳಿದರೆ ಅದೇ ಲೆಕ್ಕಕ್ಕೆ ತಗಲುವ ಶಕ್ತಿಯಲ್ಲಿ ಸುಮಾರು ಶೇ. 44 ಉಳಿಯುತ್ತದೆ. ಇದನ್ನು ಇಡೀ ಧ್ವನಿಮುದ್ರಕದ ಉಳಿತಾಯವೆಂದು ಭಾವಿಸಬಾರದು. ಮೈಕಿನ ವರ್ಧಕ, ಸ್ಮರಣ ಕಾರ್ಡು, ಪರದೆ ಇವೂ ಬ್ಯಾಟರಿಯನ್ನೇ ಹಂಚಿಕೊಂಡಿರುತ್ತವೆ. ಒಟ್ಟು ವ್ಯಯದಲ್ಲಿ ತಿರುಳಿನ ಪಾಲು ಮೂರನೆಯ ಒಂದು ಎಂದಿಟ್ಟುಕೊಂಡರೆ ಎಂಟು ಗಂಟೆಯ ಬ್ಯಾಟರಿ ಸುಮಾರು ಒಂಬತ್ತು ಗಂಟೆ ಇಪ್ಪತ್ತು ನಿಮಿಷ ಬಾಳುತ್ತದೆ. ಬೆಳಗಿನ ಜಾವದ ಮಂಗಳಕ್ಕೆ ಅಷ್ಟು ಸಾಕು.

ಈ ವೋಲ್ಟೇಜನ್ನು ಒದಗಿಸುವ ಮಂಡಲದ ಆಯ್ಕೆಯಲ್ಲಿಯೇ ಉಳಿತಾಯ ಸೋರಿಹೋಗಬಹುದು. ರೇಖೀಯ ನಿಯಂತ್ರಕವು ಹೆಚ್ಚಿನ ವೋಲ್ಟೇಜನ್ನು ಶಾಖವಾಗಿ ಕಳೆಯುತ್ತದೆ. ಒಳಬರುವ ವಿದ್ಯುತ್ಪ್ರವಾಹವೂ ಹೊರಹೋಗುವ ಪ್ರವಾಹವೂ ಅದರಲ್ಲಿ ಹೆಚ್ಚುಕಡಿಮೆ ಸಮ. 3 ವೋಲ್ಟಿನ ಬ್ಯಾಟರಿಯಿಂದ 1.6 ವೋಲ್ಟ್ ಪಡೆಯುವಾಗ ಅದರ ದಕ್ಷತೆ ಶೇ. 53, 1.2 ಪಡೆಯುವಾಗ ಶೇ. 40. ಆದುದರಿಂದ ಬ್ಯಾಟರಿಗೆ ದಕ್ಕುವ ಉಳಿತಾಯ ಶೇ. 25 ಮಾತ್ರ. ಸುರುಳಿಯಲ್ಲಿ ಶಕ್ತಿಯನ್ನು ಕೂಡಿಟ್ಟು ಕೊಡುವ ಸ್ವಿಚಿಂಗ್ ನಿಯಂತ್ರಕದಲ್ಲಿ ವರ್ಗದ ಲಾಭ ಬಹುಪಾಲು ಉಳಿಯುತ್ತದೆ.

ಇಂತಹ ನಿಯಂತ್ರಕವು ತನ್ನ ಹೊರವೋಲ್ಟೇಜಿನ ಒಂದು ಅಂಶವನ್ನು ಎರಡು ರೋಧಕಗಳ ಮೂಲಕ ಹಿಂದಕ್ಕೆ ಪಡೆದು ಒಳಗಿನ ಆಧಾರ ವೋಲ್ಟೇಜಿನೊಡನೆ ಹೋಲಿಸುತ್ತದೆ. ಆಧಾರವು 0.5 ವೋಲ್ಟ್ ಇದ್ದು, ಮೇಲಿನ ರೋಧಕ 140 ಕಿಲೋಓಮ್, ಕೆಳಗಿನದು 100 ಕಿಲೋಓಮ್ ಆದರೆ ಹೊರವೋಲ್ಟೇಜು 1.2. ಕೆಳಗಿನ ರೋಧಕಕ್ಕೆ ಸಮಾಂತರವಾಗಿ 175 ಕಿಲೋಓಮನ್ನು ಟ್ರಾನ್ಸಿಸ್ಟರೊಂದು ಜೋಡಿಸಿದರೆ ಅದು 1.6 ಆಗುತ್ತದೆ. ಆ ಟ್ರಾನ್ಸಿಸ್ಟರನ್ನು ಡಿಎಸ್‌ಪಿಯ ಒಂದು ಪಿನ್ನೇ ನಡೆಸುತ್ತದೆ. ಯಂತ್ರ ಎಚ್ಚರಗೊಳ್ಳುವ ಕ್ಷಣದಲ್ಲಿ ಪಿನ್ ಇನ್ನೂ ಯಾವ ಆಜ್ಞೆಯನ್ನೂ ಕೊಡುತ್ತಿರುವುದಿಲ್ಲವಾದ್ದರಿಂದ, ಆಜ್ಞೆಯಿಲ್ಲದಾಗ 1.6 ವೋಲ್ಟೇ ಇರುವಂತೆ ರಚಿಸುವುದು ವಿವೇಕ. ಶೇ. 1ರ ತಪ್ಪಿಗೆ ಅವಕಾಶವಿರುವ ರೋಧಕಗಳನ್ನು ಬಳಸಿದರೆ 1.2 ವೋಲ್ಟಿನಲ್ಲಿ ಸುಮಾರು ಶೇ. 1.2ರಷ್ಟು ವ್ಯತ್ಯಾಸ ರೋಧಕಗಳಿಂದಲೇ ಬರಬಹುದು.

ಬದಲಾವಣೆಯ ಕ್ರಮವೂ ಮುಖ್ಯ. ಏರುವಾಗ ಮೊದಲು ವೋಲ್ಟೇಜು, ಅದು ನೆಲೆಗೊಂಡ ಮೇಲೆ ವೇಗ. ಇಳಿಯುವಾಗ ಮೊದಲು ವೇಗ, ಅನಂತರ ವೋಲ್ಟೇಜು. 22 ಮೈಕ್ರೋಫ್ಯಾರಡ್ ಕೆಪಾಸಿಟರನ್ನು 100 ಮೈಕ್ರೋಸೆಕೆಂಡಿನಲ್ಲಿ 0.4 ವೋಲ್ಟ್ ಏರಿಸಲು ಹೆಚ್ಚುವರಿಯಾಗಿ 88 ಮಿಲಿಆಂಪಿಯರ್ ಬೇಕು. ಇಳಿಯುವಾಗ ತಿರುಳು 10 ಮಿಲಿಆಂಪಿಯರನ್ನಷ್ಟೇ ಎಳೆಯುತ್ತಿದ್ದರೆ ಅದೇ ಅಂತರವನ್ನು ಕ್ರಮಿಸಲು 880 ಮೈಕ್ರೋಸೆಕೆಂಡು ಹಿಡಿಯುತ್ತದೆ.

ಇಷ್ಟೆಲ್ಲ ಆದರೂ ಇದು ಪೂರ್ವನಿಶ್ಚಿತ ಕೋಷ್ಟಕದ ಅನುಸರಣೆಯೇ. ಸರಿಯಾದ ಅರ್ಥದಲ್ಲಿ ಹೊಂದಾಣಿಕೆಯಲ್ಲ. ಒಂದೇ ಕಾರ್ಖಾನೆಯಿಂದ ಬಂದ ಎರಡು ಚಿಪ್‌ಗಳು ಒಂದೇ ಬಗೆಯವಾಗಿರುವುದಿಲ್ಲ. ಚುರುಕಾದ ಚಿಪ್ ಕಡಿಮೆ ವೋಲ್ಟೇಜಿನಲ್ಲಿಯೂ ಕೆಲಸ ಮುಗಿಸುತ್ತದೆ, ಆದರೆ ಅದರಲ್ಲಿ ಸೋರಿಕೆ ಹೆಚ್ಚು. ಕೋಷ್ಟಕವು ಅತಿ ನಿಧಾನವಾದುದನ್ನು ಗಮನದಲ್ಲಿಟ್ಟುಕೊಂಡು ಎಲ್ಲಕ್ಕೂ ಒಂದೇ ಅಳತೆಯನ್ನು ವಿಧಿಸುತ್ತದೆ. ಪೂರ್ಣ ಹೊಂದಾಣಿಕೆಯ ಪದ್ಧತಿಯಲ್ಲಿ ಚಿಪ್‌ನೊಳಗೆ ಆಂದೋಲಕವೊಂದನ್ನಿಟ್ಟು, ಅದರ ವೇಗವನ್ನು ಅಳೆಯುತ್ತ ವೋಲ್ಟೇಜನ್ನು ಏರಿಳಿಸಲಾಗುತ್ತದೆ. ಎಂಟು ತಿರುಳುಗಳ ಟಿಎಂಎಸ್320ಸಿ6678ರಲ್ಲಿ ನಡುವಿನ ಮಾರ್ಗವೊಂದಿದೆ. ಪ್ರತಿ ಚಿಪ್‌ಗೆ ಬೇಕಾದ ವೋಲ್ಟೇಜನ್ನು ತಯಾರಿಕೆಯಲ್ಲಿಯೇ ಪರೀಕ್ಷಿಸಿ ಅದರೊಳಗೆ ಬರೆದಿಡಲಾಗುತ್ತದೆ. ಚಿಪ್ ಅದನ್ನು ಆರು ಬಿಟ್‌ಗಳ ಸಂಖ್ಯೆಯಾಗಿ ನಿಯಂತ್ರಕಕ್ಕೆ ತಿಳಿಸುತ್ತದೆ.

ದಾಖಲಾತಿಯ ದೃಷ್ಟಿಯಿಂದ ಎಚ್ಚರ ವಹಿಸಬೇಕಾದುದು ವೋಲ್ಟೇಜಿನ ಕೆಳಮಿತಿಯ ಬಗ್ಗೆ. ವೋಲ್ಟೇಜು ಅಗತ್ಯಕ್ಕಿಂತ ಇಳಿದಾಗ ಯಂತ್ರ ನಿಂತೇ ಹೋಗಬೇಕೆಂದಿಲ್ಲ. ಅತಿ ದೀರ್ಘವಾದ ಲೆಕ್ಕವೊಂದು ಕಾಲಕ್ಕೆ ಮುಗಿಯದೆ ತಪ್ಪು ಸಂಖ್ಯೆ ಕಡತಕ್ಕೆ ಸೇರಬಹುದು. ಬ್ಯಾಟರಿ ಮುಗಿದದ್ದು ಅಲ್ಲಿಯೇ ಗೊತ್ತಾಗುತ್ತದೆ. ಈ ದೋಷವಾದರೋ ಲಿಪ್ಯಂತರಕ್ಕೆ ಕುಳಿತಾಗ, ಕೆಲವೊಮ್ಮೆ ಗಾಯಕ ತೀರಿಹೋದ ಮೇಲೆ ಗೊತ್ತಾಗುತ್ತದೆ. ದೂರವಾಣಿಯ ಮಾತಿನಲ್ಲಿ ಕ್ಷಮ್ಯವಾದುದು ಇಲ್ಲಿ ಕ್ಷಮ್ಯವಲ್ಲ. ಆದುದರಿಂದ ದಾಖಲಾತಿಯ ಯಂತ್ರದಲ್ಲಿ ತಯಾರಕರು ಖಾತರಿ ನೀಡಿದ ಮಿತಿಗಿಂತ ಕೆಳಗಿಳಿದು ಕೊನೆಯ ಕೆಲವು ಮಿಲಿವೋಲ್ಟುಗಳನ್ನು ಉಳಿಸುವ ವಿನ್ಯಾಸವನ್ನು ಒಪ್ಪಲಾಗದು. ಗೊತ್ತಿರುವ ಒಂದೇ ಕಡತವನ್ನು ಎರಡೂ ವೋಲ್ಟೇಜುಗಳಲ್ಲಿ, ಚಳಿಯಲ್ಲೂ ಸೆಕೆಯಲ್ಲೂ, ನಡುನಡುವೆ ವೋಲ್ಟೇಜನ್ನು ಬದಲಿಸುತ್ತ ಸಂಸ್ಕರಿಸಿ ಫಲಿತಾಂಶಗಳನ್ನು ಬಿಟ್‌ಗೆ ಬಿಟ್ ಹೋಲಿಸಿ ನೋಡಬೇಕು.

ಮೈಕಿರುವ ಯಂತ್ರಕ್ಕೇ ವಿಶಿಷ್ಟವಾದ ಇನ್ನೊಂದು ತೊಡಕೂ ಇದೆ. ಹೊರೆ ಕಡಿಮೆಯಾದಾಗ ಅನೇಕ ಸ್ವಿಚಿಂಗ್ ನಿಯಂತ್ರಕಗಳು ತಮ್ಮ ಮಿಡಿತವನ್ನು ವಿರಳಗೊಳಿಸುತ್ತವೆ. ಆಗ ಆ ಮಿಡಿತವು ಕಿವಿಗೆ ಕೇಳಿಸುವ ವ್ಯಾಪ್ತಿಗೆ ಇಳಿದು, ವರ್ಧಕದೊಳಗೆ ನುಸುಳಿ, ತಂಬೂರಿಯ ಶ್ರುತಿಯ ಪಕ್ಕದಲ್ಲಿ ಸಣ್ಣ ಸಿಳ್ಳಾಗಿ ಮುದ್ರಿತವಾಗಬಹುದು. ಮುದ್ರಣ ನಡೆಯುವಷ್ಟು ಹೊತ್ತೂ ನಿಯಂತ್ರಕವನ್ನು ಸ್ಥಿರವಾದ ಉನ್ನತ ಆವೃತ್ತಿಯಲ್ಲಿ ಇರಿಸುವುದು ಇದಕ್ಕೆ ಪರಿಹಾರ. ದಕ್ಷತೆ ಅದರಿಂದ ಸ್ವಲ್ಪ ಕುಗ್ಗುತ್ತದೆ.