ಶಾಲೆಯ ಬಾಗಿಲಿಗೆ ಬಂದ ವಸ್ತುಸಂಗ್ರಹಾಲಯ

ಭ್ರಮರಕೀಟನ್ಯಾಯವೆಂಬ ಮಾತನ್ನು ನಮ್ಮ ವಾಚಕರಲ್ಲಿ ಅನೇಕರು ಕೇಳಿರಬಹುದು. ಭ್ರಮರವು ಎಲ್ಲಿಂದಲೋ ಒಂದು ಹುಳುವನ್ನು ಹಿಡಿದು ತಂದು ತನ್ನ ಮಣ್ಣಿನ ಗೂಡಿನಲ್ಲಿ ಇಡುತ್ತದೆ. ಅದನ್ನು ಕುಟುಕುತ್ತ ಅದರ ಸುತ್ತ ಝೇಂಕರಿಸುತ್ತದೆ. ಹುಳುವು ಭಯದಿಂದ ಭ್ರಮರವನ್ನೇ ಎಡೆಬಿಡದೆ ಧ್ಯಾನಿಸುತ್ತ, ಕಡೆಗೆ ತಾನೂ ಭ್ರಮರವೇ ಆಗಿ ಹಾರಿಹೋಗುತ್ತದೆ. ಯಾವುದನ್ನು ಅನನ್ಯವಾಗಿ ಧ್ಯಾನಿಸುವೆವೋ ಅದೇ ಆಗುವೆವು ಎಂಬ ತತ್ತ್ವಕ್ಕೆ ವೇದಾಂತಿಗಳು ಕೊಡುವ ದೃಷ್ಟಾಂತವಿದು. ಯಲಹಂಕದ ಆಸುಪಾಸಿನ ಶಾಲೆಗಳಲ್ಲಿ ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಸಂಸ್ಕೃತವನ್ನೂ ಕನ್ನಡವನ್ನೂ ಬೋಧಿಸಿದ ನಾವು ಈ ದೃಷ್ಟಾಂತವನ್ನು ಎಷ್ಟು ತರಗತಿಗಳಿಗೆ ಹೇಳಿದೆವೋ ಲೆಕ್ಕವಿಲ್ಲ. ಅದು ನಿಜವಾಗಿ ನಡೆಯುವ ಸಂಗತಿಯೆಂದೇ ನಂಬಿ ಹೇಳಿದೆವು. ಆ ಗೂಡು ನಮ್ಮ ತರಗತಿಯ ಗೋಡೆಯ ಮೇಲೆಯೇ ಇದ್ದಿತು. ಒಮ್ಮೆಯೂ ತಲೆಯೆತ್ತಿ ನೋಡಿದವರಲ್ಲ.

ಈ ನಮ್ಮ ಅಜ್ಞಾನವನ್ನು ಒಂದು ಮರದ ಪೆಟ್ಟಿಗೆಯೂ ಎಂಟನೆಯ ತರಗತಿಯ ಒಬ್ಬ ಹುಡುಗಿಯೂ ಕಳೆದ ಕಥೆಯನ್ನು ಇಲ್ಲಿ ಹೇಳುವೆವು. ವಸ್ತುಸಂಗ್ರಹಾಲಯಗಳು ತಮ್ಮ ಬಾಗಿಲಲ್ಲಿ ಕಾಯುತ್ತ ಕುಳಿತಿರದೆ ಶಾಲೆಗಳನ್ನು ಹುಡುಕಿಕೊಂಡು ಬರುವ ಪದ್ಧತಿ ಈಗ ನಮ್ಮಲ್ಲಿಯೂ ಅಲ್ಲಲ್ಲಿ ಕಾಣಬರುತ್ತಿದೆ. ಅದರ ಗುಣವೇನು, ದೋಷವೇನು, ಮನೆಯ ಹಿರಿಯರು ಅದಕ್ಕೆ ಮಾಡತಕ್ಕದ್ದೇನು ಎಂಬುದನ್ನು ಆ ಕಥೆಯೇ ತಿಳಿಸುವುದೆಂದು ನಮ್ಮ ನಂಬಿಕೆ.

ಮೊದಲು ದೋಷವನ್ನೇ ಹೇಳಿಬಿಡುವುದು ಲೇಸು. ಈ ಪೆಟ್ಟಿಗೆಗಿಂತ ಕೆಲವು ವರ್ಷ ಹಿಂದೆ ಒಂದು ಸಂಸ್ಥೆಯವರು ನಮ್ಮ ಶಾಲೆಗೆ ದೊಡ್ಡ ವಾಹನದಲ್ಲಿ ಬಂದಿದ್ದರು. ಹೊಟ್ಟೆಗೆ ಹತ್ತಿ ತುಂಬಿದ ಹಕ್ಕಿಗಳು, ಸೀಸೆಗಳಲ್ಲಿ ಹಾವುಗಳು, ಗಾಜಿನ ಕೆಳಗೆ ಚಿಟ್ಟೆಗಳು. ಒಂದು ಗಂಟೆಯೊಳಗೆ ಇನ್ನೂರು ಮಕ್ಕಳು ಸಾಲಾಗಿ ನಡೆದು ಆ ಕಡೆಯಿಂದ ಈ ಕಡೆಗೆ ಬಂದರು. ಹೆಸರುಗಳೆಲ್ಲ ಇಂಗ್ಲಿಷಿನಲ್ಲಿ ಬರೆದಿದ್ದವು. ಕನ್ನಡದಲ್ಲಿ ಬರೆದಿದ್ದ ಮಾತು ಒಂದೇ, "ಮುಟ್ಟಬೇಡಿ" ಎಂಬುದು. ಬೆಳ್ಳಕ್ಕಿಯನ್ನು ದಿನವೂ ಕೆರೆಯ ಏರಿಯ ಮೇಲೆ ನೋಡುವ ಹುಡುಗನೊಬ್ಬ ಅದೇ ಹಕ್ಕಿಯ ಮುಂದೆ ನಿಂತು ಇದು ಯಾವ ದೇಶದ್ದೆಂದು ಕೇಳಿದ. ಛಾಯಾಚಿತ್ರ ತೆಗೆದುಕೊಂಡು ಅವರು ಹೋದರು. ಮಾರನೆಯ ದಿನ ಆ ಮಾತನ್ನು ಎತ್ತಿದವರಿಲ್ಲ. ಜಾತ್ರೆ ಬಂದು ಹೋದಂತಾಯಿತು.

ಹೀಗಿರಲು, ನಾವು ನಿವೃತ್ತರಾಗುವುದಕ್ಕೆ ಹಿಂದಿನ ವರ್ಷ ಪೆಟ್ಟಿಗೆಯೊಂದು ಬರುವುದೆಂದು ಕೇಳಿದಾಗ ನಮಗೆ ಉತ್ಸಾಹವೇನೂ ಉಂಟಾಗಲಿಲ್ಲ. ವಿಜ್ಞಾನದ ಉಪಾಧ್ಯಾಯರು ಅಂದು ರಜೆಯಲ್ಲಿದ್ದುದರಿಂದ ತರಗತಿಯನ್ನು ನೋಡಿಕೊಳ್ಳುವ ಹೊಣೆ ನಮ್ಮ ಪಾಲಿಗೆ ಬಂದಿತು. ಪೆಟ್ಟಿಗೆಯನ್ನು ಹೊತ್ತು ತಂದವಳು ಒಬ್ಬ ತರುಣಿ. ಜೊತೆಗೆ ಭಾಷಣವಿಲ್ಲ, ಫಲಕವಿಲ್ಲ. ಅವಳು ಒಂದೊಂದೇ ವಸ್ತುವನ್ನು ಮಕ್ಕಳ ಕೈಗೆ ಕೊಟ್ಟು, "ನಿಮ್ಮ ಮನೆಯಲ್ಲಿ ಇದನ್ನು ಏನೆನ್ನುತ್ತಾರೆ?" ಎಂದು ಕೇಳತೊಡಗಿದಳು. ಒಬ್ಬ ಸೂರ್ಯನ ಕುದುರೆ ಎಂದ, ಇನ್ನೊಬ್ಬ ದೇವರ ಕುದುರೆ ಎಂದ. ಎರಡನ್ನೂ ಕರಿಹಲಗೆಯ ಮೇಲೆ ಬರೆದಳು. ಜೇಡಕ್ಕೆ ಕಾಲೆಷ್ಟು ಎಂದಳು. ಷಟ್ಪದವೆಂದರೆ ಆರು ಕಾಲಿನ ದುಂಬಿಯೆಂದೂ, ಆರು ಪಾದಗಳ ಪದ್ಯವೇ ಷಟ್ಪದಿಯೆಂದೂ ಜನ್ಮವೆಲ್ಲ ಪಾಠ ಹೇಳಿದ ನಾವು, ಜೇಡವೂ ಹುಳುವೇ ಆದುದರಿಂದ ಅದಕ್ಕೂ ಆರೇ ಇರಬೇಕೆಂದು ಮನಸ್ಸಿನಲ್ಲಿ ತೀರ್ಮಾನಿಸಿದೆವು. ಮಕ್ಕಳು ಎಣಿಸಿ ಎಂಟೆಂದರು. ಜೇಡವು ಕೀಟವರ್ಗಕ್ಕೆ ಸೇರಿದುದೇ ಅಲ್ಲವೆಂದು ನಮಗೆ ಅಂದು ತಿಳಿಯಿತು. ಬಾಯಿ ಮುಚ್ಚಿಕೊಂಡಿದ್ದುದು ಒಳ್ಳೆಯದಾಯಿತು!

ಅನಂತರ ಬಂದಿತು ಗೂಡು. ಹಿಡಿಯಷ್ಟು ಗಾತ್ರದ ಮಣ್ಣಿನ ಗೂಡನ್ನು ಎರಡು ಹೋಳಾಗಿ ಕತ್ತರಿಸಿ ಗಾಜಿನ ಕೆಳಗೆ ಇಟ್ಟಿದ್ದರು. ಒಂದು ಕೋಣೆಯಲ್ಲಿ ಮೊಟ್ಟೆ, ಇನ್ನೊಂದರಲ್ಲಿ ಕಾಲಿಲ್ಲದ ಬಿಳಿಯ ಮರಿ, ಮತ್ತೊಂದರಲ್ಲಿ ಕೋಶ, ಕಡೆಯದರಲ್ಲಿ ರೆಕ್ಕೆ ಬಂದ ಕಣಜ. ಪ್ರತಿಯೊಂದರ ಬದಿಯಲ್ಲಿಯೂ ಹಸುರು ಹುಳುಗಳನ್ನು ಜೋಡಿಸಿತ್ತು. ಮುಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಅದನ್ನು ಬಹಳ ಹೊತ್ತು ನೋಡಿ, ತರುಣಿಯನ್ನು ಬಿಟ್ಟು ನಮ್ಮ ಕಡೆಗೆ ತಿರುಗಿದಳು.

"ಸಾರ್, ಹುಳ ಧ್ಯಾನ ಮಾಡಿ ದುಂಬಿ ಆಗುತ್ತೆ ಅಂದಿದ್ದಿರಿ. ಇಲ್ಲಿ ದುಂಬಿ ಮರಿ ಹುಳನ ತಿಂತಾ ಇದೆಯಲ್ಲ?"

ತರಗತಿಯು ನಿಶ್ಶಬ್ದವಾಯಿತು. ಏನೋ ಒಂದು ಸಮಾಧಾನ ಹೇಳಿ ಅವಳನ್ನು ಕುಳ್ಳಿರಿಸುವುದು ನಮಗೆ ಕಷ್ಟವಾಗಿರಲಿಲ್ಲ. ಉಪಾಧ್ಯಾಯ ವೃತ್ತಿಯಲ್ಲಿ ಅಂತಹ ಸಮಾಧಾನಗಳು ಬೇಕಾದಷ್ಟು ಇರುತ್ತವೆ. ಆದರೆ ನ್ಯಾಯಶಾಸ್ತ್ರವು ಹೇಳುವ ನಾಲ್ಕು ಪ್ರಮಾಣಗಳಲ್ಲಿ ಪ್ರತ್ಯಕ್ಷವೇ ಮೊದಲನೆಯದೆಂದು ನಾವೇ ಕಲಿಸಿದ್ದೆವಷ್ಟೆ. "ನಮಗೆ ತಿಳಿಯದಮ್ಮ, ನೋಡೋಣ," ಎಂದೆವು. ಅಷ್ಟು ವರ್ಷಗಳಲ್ಲಿ ತರಗತಿಯ ಮುಂದೆ ಆ ಮಾತನ್ನು ಆಡಿದುದು ಅದೇ ಮೊದಲು.

ತರುಣಿಯು ಪೆಟ್ಟಿಗೆಯನ್ನು ಎರಡು ವಾರ ಶಾಲೆಯಲ್ಲಿಯೇ ಬಿಟ್ಟುಹೋದಳು. ಇದೇ ಅವಳು ಮಾಡಿದ ಜಾಣತನ. ಸುಣ್ಣ ಬಳಿಯುವವರು ಆ ವಾರವೇ ಬರುವವರಿದ್ದರು. ಗೋಡೆಯ ಮೇಲಿನ ಗೂಡುಗಳನ್ನು ಹೇಗೂ ಕೆರೆದುಹಾಕುತ್ತಿದ್ದರು. ಅವುಗಳಲ್ಲಿ ಒಂದನ್ನು ಮಕ್ಕಳೆದುರಿಗೆ ಚಾಕುವಿನ ತುದಿಯಿಂದ ಬಿಡಿಸಿದೆವು. ಒಳಗೆ ಏಳೆಂಟು ಹಸುರು ಹುಳುಗಳಿದ್ದವು. ಸತ್ತಿರಲಿಲ್ಲ, ಓಡಲೂ ಶಕ್ತಿಯಿರಲಿಲ್ಲ. ಮುಟ್ಟಿದರೆ ಸ್ವಲ್ಪ ಅಲುಗುತ್ತಿದ್ದವು. ನಡುವೆ ಒಂದು ಬಿಳಿಯ ಮರಿಯು ಊಟಕ್ಕೆ ಕುಳಿತಿತ್ತು. ಪೆಟ್ಟಿಗೆಯು ಹೇಳಿದುದನ್ನೇ ಗೋಡೆಯೂ ಹೇಳಿತು.

ನಡೆಯುವ ಸಂಗತಿ ಇಷ್ಟು. ನಮ್ಮವರು ಕುಂಬಾರ ಹುಳು ಎನ್ನುವ ಈ ಕಣಜದ ಹೆಣ್ಣು ಮಣ್ಣಿನ ಗೂಡು ಕಟ್ಟಿ, ಹುಳುವನ್ನು ಕುಟುಕಿ, ಕೊಲ್ಲದೆ ಮರವಟ್ಟಿಸಿ ತಂದು ತುಂಬುತ್ತದೆ. ಕೊಂದರೆ ಕೊಳೆತುಹೋಗುವುದು, ಸುಮ್ಮನೆ ಬಿಟ್ಟರೆ ಓಡಿಹೋಗುವುದು. ಗೂಡಿನಲ್ಲಿ ಮೊಟ್ಟೆಯನ್ನಿಟ್ಟು ಬಾಯಿ ಮುಚ್ಚುತ್ತದೆ. ಮೊಟ್ಟೆಯೊಡೆದು ಬಂದ ಮರಿಯು ಆ ತಾಜಾ ಆಹಾರವನ್ನು ತಿಂದು ಬೆಳೆದು, ಕೋಶವಾಗಿ, ಕಣಜವಾಗಿ, ಮಣ್ಣನ್ನು ಕೊರೆದು ಹೊರಕ್ಕೆ ಬರುತ್ತದೆ. ಕೆಲವು ಜಾತಿಯವು ಕಂಬಳಿಹುಳುಗಳ ಬದಲು ಜೇಡಗಳನ್ನು ತುಂಬುವುದೂ ಉಂಟು. ಫ್ರಾನ್ಸಿನಲ್ಲಿ ಫಾಬ್ರ್ ಎಂಬ ಬಡ ಉಪಾಧ್ಯಾಯನು (೧೮೨೩–೧೯೧೫) ಬಿಸಿಲಿನಲ್ಲಿ ಕುಳಿತು ಈ ಕಣಜಗಳನ್ನು ವರ್ಷಾನುಗಟ್ಟಲೆ ನೋಡಿ, ಹತ್ತು ಸಂಪುಟಗಳ ಗ್ರಂಥದಲ್ಲಿ ಬಣ್ಣಿಸಿದನು. ನಮ್ಮ ಪ್ರಾಚೀನರೂ ನೋಡಿದವರೇ. ಹುಳು ಒಳಗೆ ಹೋದುದನ್ನು ನೋಡಿದರು. ಕಣಜ ಹೊರಗೆ ಬಂದುದನ್ನು ನೋಡಿದರು. ಗೂಡನ್ನು ಒಡೆದು ನೋಡಲಿಲ್ಲ, ಅಷ್ಟೆ. ದೃಷ್ಟಾಂತವು ಬಿದ್ದಿತೆಂದು ತತ್ತ್ವವು ಬೀಳಲಿಲ್ಲ. ಮನಸ್ಸು ಧ್ಯಾನಿಸಿದಂತೆ ಮನುಷ್ಯನಾಗುವನೆಂಬುದು ಬೇರೆಯೇ ವಿಷಯ. ಆದರೆ ಅದಕ್ಕಾಗಿ ಹುಳುವಿನ ಮೇಲೆ ಸುಳ್ಳು ಸಾಕ್ಷಿ ಹೇಳಿಸಬೇಕಾಗಿಲ್ಲ.

ಇದನ್ನು ತಿಳಿದು ನಮಗೇನಾಗಬೇಕು ಎಂದು ಕೇಳುವ ಗೃಹಸ್ಥರಿಗೆ ನಮ್ಮ ಹೆಬ್ಬಾಳದ ಸಂಗತಿಯನ್ನೇ ಹೇಳುವೆವು. ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್ನರ ಕಾಲದಲ್ಲಿ, ೧೯೧೩ರಲ್ಲಿ, ಹೆಬ್ಬಾಳದಲ್ಲಿ ವ್ಯವಸಾಯ ಶಾಲೆಯು ಆರಂಭವಾಯಿತು. ೧೯೪೬ರಲ್ಲಿ ಅಲ್ಲಿ ಕೃಷಿ ಕಾಲೇಜು ಏರ್ಪಟ್ಟಿತು. ೧೯೬೪ರಲ್ಲಿ ಕೃಷಿ ವಿಶ್ವವಿದ್ಯಾನಿಲಯವಾಯಿತು. ಬಳ್ಳಾರಿ ರಸ್ತೆಯ ಅದೇ ಹೆಬ್ಬಾಳದಲ್ಲಿ ಈಗ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಇದೆ. ೧೯೯೩ರಲ್ಲಿ ಜೈವಿಕ ನಿಯಂತ್ರಣದ ನಿರ್ದೇಶನಾಲಯವಾಗಿ ಹುಟ್ಟಿದ ಈ ಸಂಸ್ಥೆಗೆ ಈಗಿನ ಹೆಸರು ಬಂದುದು ೨೦೧೪ರಲ್ಲಿ. ದೇಶದ ನಾನಾ ಭಾಗಗಳ ಕೀಟಗಳನ್ನು ಸೂಜಿಗೆ ಚುಚ್ಚಿ, ಹೆಸರು ಬರೆದು ಅಲ್ಲಿ ಜೋಪಾನ ಮಾಡಿದ್ದಾರೆ. ೨೦೦೮ರಲ್ಲಿ ಮಧ್ಯ ಅಮೆರಿಕದ ಕಡೆಯ ಒಂದು ಹಿಟ್ಟುತಿಗಣೆಯು ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು, ಪರಂಗಿ ತೋಟಗಳನ್ನೂ ಹಿಪ್ಪುನೇರಳೆಯನ್ನೂ ಹಾಳುಮಾಡತೊಡಗಿತು. ಮೈಮೇಲೆ ಮೇಣದ ಹೊದಿಕೆಯುಳ್ಳ ಅದಕ್ಕೆ ಔಷಧದ ಸಿಂಪರಣೆಯು ಚೆನ್ನಾಗಿ ತಾಗದು. ೨೦೧೦ರಲ್ಲಿ ಹೆಬ್ಬಾಳದ ವಿಜ್ಞಾನಿಗಳು ಪೋರ್ಟೊರಿಕೋ ದ್ವೀಪದಿಂದ ಎಳ್ಳಿಗಿಂತ ಚಿಕ್ಕದಾದ ಕಣಜಗಳನ್ನು ತರಿಸಿ, ಸಾಕಿ, ಬಿಟ್ಟರು. ಆ ಕಣಜವು ತಿಗಣೆಯ ಮೈಯೊಳಗೆ ಮೊಟ್ಟೆಯಿಡುತ್ತದೆ. ಮರಿಯು ತಿಗಣೆಯನ್ನು ಒಳಗಿನಿಂದ ತಿಂದು ಕಣಜವಾಗಿ ಹೊರಬರುತ್ತದೆ. ಹಾವಳಿಯು ಬಹುಮಟ್ಟಿಗೆ ಅಡಗಿತು. ನಮ್ಮ ಗೋಡೆಯ ಗೂಡಿನ ಕಥೆಯೇ ಅಲ್ಲವೆ ಇದು? ಗೂಡನ್ನು ಒಡೆದು ನೋಡುವ ಬುದ್ಧಿಯು ಎಲ್ಲೋ ಒಂದು ತರಗತಿಯಲ್ಲಿ ಹುಟ್ಟದಿದ್ದರೆ ಸಾವಿರಾರು ರೈತರ ಅನ್ನವು ಉಳಿಯುತ್ತಿರಲಿಲ್ಲ.

ಪೆಟ್ಟಿಗೆಯನ್ನು ಶಾಲೆಗೆ ಕಳುಹಿಸುವ ಯೋಚನೆ ಹೊಸದೇನೂ ಅಲ್ಲ. ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಸಂಗ್ರಹಾಲಯದವರು ೧೮೮೪ರಲ್ಲಿಯೇ ಶಾಲೆಯಿಂದ ಶಾಲೆಗೆ ತಿರುಗುವ ಪೆಟ್ಟಿಗೆಗಳನ್ನು ಏರ್ಪಡಿಸಿದರು. ಅಮೆರಿಕದ ಶಿಕಾಗೋ ನಗರದ ಹ್ಯಾರಿಸ್ ಎಂಬ ಧನಿಕರು ೧೯೧೧ರಲ್ಲಿ ಎರಡೂವರೆ ಲಕ್ಷ ಡಾಲರುಗಳನ್ನು ಇದೇ ಕಾರ್ಯಕ್ಕಾಗಿ ಅಲ್ಲಿನ ಫೀಲ್ಡ್ ಸಂಗ್ರಹಾಲಯಕ್ಕೆ ದಾನಮಾಡಿದರು. ಅವರ ಹೆಸರಿನ ಸಂಗ್ರಹವು ಶತಮಾನ ದಾಟಿ ನಡೆದುಬಂದಿದೆ. ನಮ್ಮ ಬೆಂಗಳೂರಿನ ಸರ್ಕಾರಿ ಸಂಗ್ರಹಾಲಯವು ೧೮೬೫ರಷ್ಟು ಹಳೆಯದಾದರೂ ಶಿಲ್ಪ ಶಾಸನಗಳಿಗೆ ಹೆಸರಾಯಿತು. ಪ್ರಕೃತಿಗೇ ಮೀಸಲಾದ ರಾಷ್ಟ್ರೀಯ ಸಂಗ್ರಹಾಲಯವು ದಿಲ್ಲಿಯಲ್ಲಿ ತೆರೆದುದು ೧೯೭೮ರಲ್ಲಿ. ಅದರ ಪ್ರಾದೇಶಿಕ ಶಾಖೆಯು ಮೈಸೂರಿನ ಕಾರಂಜಿ ಕೆರೆಯ ದಡದಲ್ಲಿ ೧೯೯೫ರಲ್ಲಿ ಆರಂಭವಾಗಿ, ಶಾಲಾಮಕ್ಕಳಿಗಾಗಿ ಶಿಬಿರ, ಸ್ಪರ್ಧೆಗಳನ್ನು ನಡೆಸುತ್ತ ಬಂದಿದೆ. ದಿಲ್ಲಿಯ ಆ ಸಂಗ್ರಹಾಲಯವು ೨೦೧೬ರ ಏಪ್ರಿಲ್ ೨೬ರಂದು ಬೆಂಕಿಗೆ ಆಹುತಿಯಾಯಿತು. ಒಂದೇ ಕಟ್ಟಡದಲ್ಲಿ ಕೂಡಿಟ್ಟ ಸಂಪತ್ತು ಒಂದೇ ರಾತ್ರಿಯಲ್ಲಿ ಹೋಗಬಹುದು. ಮಕ್ಕಳ ಕಣ್ಣಿನಲ್ಲಿ ಇಟ್ಟದ್ದು ಹಾಗೆ ಹೋಗುವುದಿಲ್ಲ.

ಆದುದರಿಂದ ಹೀಗೆ ಶಾಲೆಗಳಿಗೆ ಹೋಗುವ ಸಂಗ್ರಹಾಲಯದವರಲ್ಲಿ ನಮ್ಮ ವಿಜ್ಞಾಪನೆಗಳು ಮೂರು. ವಸ್ತುಗಳು ಹತ್ತೇ ಇರಲಿ, ಆದರೆ ಕೈಗೆ ಕೊಡತಕ್ಕವಾಗಿರಲಿ. ಹೆಸರುಗಳು ಕನ್ನಡದಲ್ಲಿರಲಿ, ಮಕ್ಕಳು ಮನೆಯಿಂದ ತಂದ ಹೆಸರನ್ನು ಕೇಳಿ ಬರೆದುಕೊಳ್ಳಿ, ಏಕೆಂದರೆ ಅವೂ ಅಳಿಯುತ್ತಿರುವ ಜೀವಿಗಳೇ. ಪೆಟ್ಟಿಗೆಯ ಪ್ರತಿಯೊಂದು ವಸ್ತುವಿಗೂ ಶಾಲೆಯ ಆವರಣದಲ್ಲಿ ಒಂದು ಜೊತೆಯನ್ನು ಹುಡುಕುವ ಕೆಲಸವನ್ನು ಬಿಟ್ಟುಹೋಗಿ. ಒಳಗೆ ತೋರಿಸಿದುದು ಹೊರಕ್ಕೆ ಕಳುಹಿಸದಿದ್ದರೆ ಪೆಟ್ಟಿಗೆಗೂ ಪಠ್ಯಪುಸ್ತಕಕ್ಕೂ ಭೇದವೇನು? ಉಪಾಧ್ಯಾಯ ಮಿತ್ರರಿಗೆ ಹೇಳುವುದು ಒಂದೇ ಮಾತು: ಪೆಟ್ಟಿಗೆ ಬಂದ ದಿನ ಆ ಗಂಟೆಯನ್ನು ವಿಶ್ರಾಂತಿಯೆಂದು ತಿಳಿಯದೆ ಮಕ್ಕಳೊಡನೆ ಕುಳಿತುಕೊಳ್ಳಿ. ಪೆಟ್ಟಿಗೆ ಬಾರದಿದ್ದರೆ ಹತ್ತಿರದ ಸಂಸ್ಥೆಗಳಿಗೆ ಪತ್ರ ಬರೆದು ವಿಚಾರಿಸಿದರೆ ನಷ್ಟವೇನು?

ಇನ್ನು ಮನೆಯ ಹಿರಿಯರ ಮಾತು. ಜೇಬಿನಲ್ಲಿ ಹೊಂಗೆಯ ಕಾಯಿಯನ್ನೋ ಜೀರುಂಡೆಯ ಒಣಗಿದ ಪೊರೆಯನ್ನೋ ತುಂಬಿಕೊಂಡು ಬಂದ ಮಗುವನ್ನು ಗದರಿಸಿ ಎಲ್ಲವನ್ನೂ ತಿಪ್ಪೆಗೆ ಎಸೆಯುವುದು ನಮ್ಮ ವಾಡಿಕೆ. ಅದರ ಬದಲು ಅಟ್ಟದ ಮೂಲೆಯಲ್ಲಿ ಒಂದು ಹಲಗೆಯನ್ನು ಕೊಡಿ. ತಂದ ದಿನವನ್ನೂ ಸ್ಥಳವನ್ನೂ ಚೀಟಿಯಲ್ಲಿ ಬರೆದಿಡಲು ಹೇಳಿ. ತಾನಾಗಿ ಉದುರಿದುದನ್ನು ಮಾತ್ರ ತರಬೇಕು. ಜೀವವಿರುವುದನ್ನು ಹಿಡಿದು ಚುಚ್ಚಬಾರದು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾನೂನು ಅನೇಕ ಪ್ರಾಣಿಪಕ್ಷಿಗಳನ್ನು ಕಾಪಾಡುತ್ತದೆಂಬುದನ್ನೂ ಮಕ್ಕಳು ಆಗಲೇ ತಿಳಿಯಲಿ. ಭಾನುವಾರ ಒಂದು ಗಂಟೆ ಬಿಡುವಾದರೆ ಹೆಬ್ಬಾಳದ ಕೆರೆಗೋ, ೨೦೧೫ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲೆಂದು ಘೋಷಿತವಾದ ಯಲಹಂಕದ ಪುಟ್ಟೇನಹಳ್ಳಿ ಕೆರೆಗೋ ಕರೆದುಕೊಂಡು ಹೋಗಿ. ಮನೆಯಲ್ಲಿ ಅಜ್ಜಿಯಿದ್ದರೆ ಅವರನ್ನೂ ಕರೆದೊಯ್ಯಿರಿ. ಹಕ್ಕಿಗಳ ಹೆಸರು ನಮಗಿಂತ ಅವರಿಗೆ ಹೆಚ್ಚಾಗಿ ತಿಳಿದಿರುತ್ತದೆ.

ಭಾಗವತದ ಏಕಾದಶ ಸ್ಕಂಧದಲ್ಲಿ ಅವಧೂತನೊಬ್ಬನು ತನಗೆ ೨೪ ಮಂದಿ ಗುರುಗಳೆಂದು ಹೇಳಿಕೊಳ್ಳುತ್ತಾನೆ. ಭೂಮಿ, ನೀರು, ಪಾರಿವಾಳ, ಹೆಬ್ಬಾವು, ಮೀನು, ಜೇನುನೊಣ ಎಲ್ಲವೂ ಆ ಪಟ್ಟಿಯಲ್ಲಿವೆ, ಜೇಡವೂ ಇದೆ, ಕಡೆಯಲ್ಲಿ ನಮ್ಮ ಗೂಡಿನ ಕಣಜವೂ ಇದೆ. ಆ ಪ್ರಕರಣವನ್ನು ನಾವು ಅನೇಕ ಸಲ ಪಾಠ ಹೇಳಿದ್ದರೂ ಆ ಗುರುಗಳಲ್ಲಿ ಒಬ್ಬರನ್ನಾದರೂ ಕಣ್ಣಾರೆ ಕಂಡುದು ಅರುವತ್ತರ ಹೊಸ್ತಿಲಿನಲ್ಲಿ. ಪೆಟ್ಟಿಗೆಯು ಎರಡು ವಾರದ ಮೇಲೆ ಹಿಂದಿರುಗಿ ಹೋಯಿತು. ಸುಣ್ಣ ಬಳಿಯುವವರು ಬಂದ ದಿನ ಆ ಹುಡುಗಿಯೂ ಅವಳ ಗೆಳತಿಯರೂ ಬಾಗಿಲ ಮೇಲಿನ ಒಂದು ಗೂಡನ್ನು ಕೆರೆಯಬಾರದೆಂದು ಹಟಮಾಡಿ ಉಳಿಸಿಕೊಂಡರು. ಗೋಡೆಯೆಲ್ಲ ಬೆಳ್ಳಗಾಗಿ ಅದೊಂದು ಮಣ್ಣಿನ ಮಚ್ಚೆ ಹಾಗೆಯೇ ಉಳಿಯಿತು. ಅದರಲ್ಲಿ ತೂತು ಬೀಳುವ ದಿನವನ್ನು ಗುರುತು ಹಾಕಿಕೊಳ್ಳಲು ಅವರು ಕರಿಹಲಗೆಯ ಮೂಲೆಯಲ್ಲಿ ಪ್ರತಿದಿನವೂ ಒಂದು ಗೆರೆ ಎಳೆಯುತ್ತಿದ್ದರು. ನಮ್ಮ ಸಂಸ್ಕೃತದ ಪಾಠಕ್ಕಾಗಿ ಹಲಗೆಯನ್ನು ಒರಸುವಾಗ ಆ ಮೂಲೆಯನ್ನು ಮಾತ್ರ ನಾವು ಒರಸುತ್ತಿರಲಿಲ್ಲ.