ಮಾದೇಶ್ವರನ ಸಂಚಾರವೂ ಶೀಲನಿರೂಪಣೆಯೂ

ಕಾವ್ಯನಾಯಕನ ಶೀಲವನ್ನು ವಿಶೇಷಣಗಳಿಂದ ವಾಚ್ಯವಾಗಿ ಹೇಳುವುದುಂಟು. ಅವನನ್ನು ಅನ್ಯರ ಆಚಾರಗಳ ನಡುವೆ ನಿಲ್ಲಿಸಿ ವ್ಯಂಗ್ಯವಾಗಿ ತೋರಿಸುವುದೂ ಉಂಟು. ಎರಡನೆಯ ಕ್ರಮಕ್ಕೆ ಮಲೆಯ ಮಾದೇಶ್ವರನ ಕಾವ್ಯವು ಉತ್ತಮ ನಿದರ್ಶನವು. ಬೆಟ್ಟವಿರುವ ಕೊಳ್ಳೇಗಾಲದ ಸೀಮೆಯು 1956ರವರೆಗೆ ಮದರಾಸು ಆಡಳಿತದಲ್ಲಿದ್ದರೂ, ಮೈಸೂರು ಸಂಸ್ಥಾನದ ಚಾಮರಾಜನಗರ, ಗುಂಡ್ಲುಪೇಟೆಗಳಲ್ಲಿಯೂ ದೇವರಗುಡ್ಡರು ಕಂಸಾಳೆಯೊಡನೆ ಇದನ್ನು ಹಾಡುತ್ತ ಬಂದಿರುವರು.

ಮಾದೇಶ್ವರನು ಉತ್ತರದೇಶದಿಂದ 77 ಮಲೆಗಳ ಸೀಮೆಗೆ ಬಂದ ಸಂಚಾರಿ. ದೇವತೆಗಳನ್ನು ಸೆರೆಯಲ್ಲಿಟ್ಟ ಶ್ರವಣದೊರೆಯ ಬಂಕಾಪುರಿಯನ್ನು ಹೊಗುವಾಗ ಅವನು ಪಾದರಕ್ಷೆ ಮಾಡುವ ಮಾದಿಗನ ರೂಪವನ್ನು ತಾಳುವನು. ಆ ಪಾದರಕ್ಷೆಗಳಿಂದಲೇ ದೊರೆಯನ್ನು ದಹಿಸುವನು. ದರ್ಪದೆದುರಿಗೆ ಅವನಲ್ಲಿ ತೋರುವುದು ಉಪಾಯಚಾತುರ್ಯ. ಕುಲಾಭಿಮಾನಕ್ಕೆ ಅಲ್ಲಿ ಎಡೆಯಿಲ್ಲ.

ಸೋಲಿಗರ ನಡುವೆ ಪರೀಕ್ಷೆಯು ಬೇರೆ. ಕಾಡಿಗೆ ಹೊರಟ ನೀಲೇಗೌಡನು ಶೀಲದ ಭಾಷೆಯನ್ನು ಬೇಡಲು, ಸಂಕಮ್ಮನು ಕೊಡಲೊಪ್ಪದೆ ಬಂಧನಕ್ಕೊಳಗಾಗುವಳು. ಮಾದೇಶ್ವರನು ಅವಳನ್ನು ಬಿಡಿಸಿ, ಬಂಜೆಯಾಗಿದ್ದ ಅವಳಿಗೆ ಕಾರಯ್ಯ, ಬಿಲ್ಲಯ್ಯರೆಂಬ ಮಕ್ಕಳನ್ನು ಅನುಗ್ರಹಿಸುವನು. ಆದರೆ ಆ ಮಕ್ಕಳು ತನಗೆ ಒಕ್ಕಲಾಗಬೇಕೆಂಬುದು ಅವನ ಅಪೇಕ್ಷೆ. ಇಲ್ಲಿ ಕರುಣೆಯೊಡನೆ ಕಾಂಕ್ಷೆಯೂ ವ್ಯಕ್ತವಾಗುವುದು. ಕೊಡುವವನೇ ಬೇಡುವವನೂ ಆಗಿರುವನು. ಮಲೆಯಲ್ಲಿ ನೆಲೆಯನ್ನರಸಿ ಬಂದವನಿಗೆ ಮಲೆಯವರ ಒಪ್ಪಿಗೆಯಿಲ್ಲದೆ ನೆಲೆಯು ದೊರೆಯದು.

ಈ ಪ್ರಸಂಗವನ್ನು ಪವಾಡವೆಂದಷ್ಟೇ ಬೋಧಿಸಿದರೆ ಸಂಕಮ್ಮನು ಕೇವಲ ವರವನ್ನು ಪಡೆದವಳಾಗಿ ಉಳಿಯುವಳು. ಆಣೆಯಿಡದೆ ಸತ್ಯದಲ್ಲಿ ನಿಂತ ಅವಳೇ ನಾಯಕನ ಶೀಲಕ್ಕೆ ಒರೆಗಲ್ಲು. ಒರೆಗಲ್ಲು ಮೆದುವಾದರೆ ಹೊನ್ನಿನ ಬಣ್ಣವು ಮೂಡದು. ಆದುದರಿಂದ ಸಂಚಾರಿಯನ್ನು ಅರಿಯಲೆಳಸುವವರು ಅವನು ಹೊಕ್ಕ ಮನೆಯವರನ್ನು ಮೊದಲು ಅರಿಯಬೇಕು.